ನೆರಳು ಮುಗಿಯುವಲ್ಲಿ

ಮೂರು ಬೇಸಿಗೆ ಬುಡಕ್ಕೇ ಸುರಿದೆ.
ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು,
ಚಾದ ಚರಟ,
ಒಮ್ಮೆ ಯಾರದೋ ಮಾತು ಕೇಳಿ ಹಿಡಿ ಯೂರಿಯಾ.
ಕಾಂಡ ಸದಾ ಹಸಿ, ತೊಗಟೆ ಸೀಳಿ ಅಂಟು ಒಸರುತ್ತಿತ್ತು.
ಮಾನ್ವಿಯ ಬಿಸಿಲು ಹನ್ನೊಂದಕ್ಕೇ ಹಂಚು ಕಾಯಿಸುತ್ತದೆ;
ಹೆದರಿ ಮತ್ತೊಂದು ಕೊಡ ಸುರಿದೆ.

ಇವರು ಗಾಡಿ ನಿಲ್ಲಿಸಲೆಂದು
ಅಂಗಳಕ್ಕೆಲ್ಲ ಶಹಾಬಾದಿ ಕಲ್ಲು ಹಾಸಿಸಿದರು.
ಗಿಡಕ್ಕೆ ಬಿಟ್ಟದ್ದು ಒಂದು ತಾಟಿನಷ್ಟು ಮಣ್ಣು.
"ಉಣ್ಣಾಕ ಇಷ್ಟು ಸಾಕು" ಅಂದರು.

ಲಿಂಬಿಗಿಡ ಏನೂ ಅನ್ನಲಿಲ್ಲ.
ನಮ್ಮ ಕಡೆ ಮುಳ್ಳು,
ಗೋಡೆಯಾಚೆ ಕಾಯಿ.

ಆಚೆ ಮನೆಯ ಜೈತೂನಬಿ
ಬೋಗುಣಿ ತುಂಬ ತಂದಿಟ್ಟಳು:
"ನಿಮ್ಮವೇ, ತಗೋರಿ.
ನಮ್ಮ ನಳ ಸೋರತದ ನೋಡ್ರಿ,
ಅದನ್ನ ಕುಡದು ಬೆಳದಾವ."
ಆಮೇಲೆ ಕುಕ್ಕರಗಾಲಲ್ಲಿ ಕೂತು
ನಡುಹಗಲಿನ ನೆರಳಿನ ಅಂಚಿಗೆ
ಇದ್ದಿಲಿನಿಂದ ಒಂದು ಗೀರು ಎಳೆದಳು, ಕಲ್ಲಿನ ಮೇಲೆ.
"ಗಿಡದ ಬಾಯಿ ಬುಡದಾಗ ಇರಂಗಿಲ್ರಿ.
ನೆರಳ ಎಲ್ಲಿ ಮುಗೀತದ,
ಅಲ್ಲಿರತದ."

ಸಂಜೆ ಹಾರೆ ಹುಡುಕಿದೆ.
"ಗಾಡಿ ಎಲ್ಲಿ ನಿಲ್ಲಸ್ಲಿ?" ಕೇಳುತ್ತಲೇ ಇದ್ದರು ಇವರು,
ನಾಲ್ಕು ಕಲ್ಲು ಏಳುವ ತನಕ.
ಐದನೆಯದರ ಅಡಿ
ದಾರದಷ್ಟು ಬೇರುಗಳು, ಬಿಳಿಚಿ,
ಕಲ್ಲಿಗೆ ಒತ್ತಿ ಚಪ್ಪಟೆಯಾಗಿ,
ಎಲ್ಲವೂ ಗೋಡೆಯ ಕಡೆಗೇ ಹೊರಟವು.
ಇವರು ಬಗ್ಗಿ ನೋಡಿದರು.
ಆರನೆಯದನ್ನು ಅವರೇ ಎಬ್ಬಿಸಿದರು.

ಈಗ ಗೀರಿನ ಗುಂಟ ನೀರು, ನಾಲ್ಕು ದಿನಕ್ಕೊಮ್ಮೆ.
ಬುಡ ಒಣಗಲು ಬಿಟ್ಟಿದ್ದೇನೆ.
ಕೈ ಮಾತ್ರ ಕೇಳುವುದಿಲ್ಲ:
ಇವತ್ತೂ ತುಂಬಿದ ಕೊಡ ಹೊತ್ತು
ಬುಡದ ತನಕ ಹೋಗಿ
ಹಾಗೇ ಮರಳಿ ತಂದೆ.