ಸೀಮ್

ಕೌಲ್‌ಬಜಾರಿನ ಎರಡನೇ ಮಹಡಿ. ಕರೆಂಟು ಹೋದರೆ
ಹನ್ನೆರಡು ಮಿಷನ್ನು ಒಮ್ಮೆಲೇ ಬಾಯಿ ಮುಚ್ಚುತ್ತವೆ.
ಆಗ ಬಟ್ಟೆಯ ಥಾನಿನಡಿಯಿಂದ ನಾನು
ಪಂಪಣ್ಣ ಮಾಸ್ತರರ ನೋಟ್ಸು ಎಳೆಯುತ್ತೇನೆ.
ಭಾನುವಾರ ಪರೀಕ್ಷೆ. ಬಿಟ್ಟ ಸ್ಥಳ ತುಂಬಿರಿ:
ಟು ಗೋ, ಇಲ್ಲವೇ ಟು ಹ್ಯಾವ್ ಗಾನ್.

ಮಾಸ್ತರು ಹೇಳಿಕೊಟ್ಟದ್ದು ಇಷ್ಟೇ:
"ಟು ಗೋ ಅಂದ್ರ ಚಪ್ಪಲಿ ಹುಡುಕಾಕ ಹತ್ಯಾನ.
ಟು ಹ್ಯಾವ್ ಗಾನ್ ಅಂದ್ರ ಬಾಗಿಲಾಗ ಚಪ್ಪಲೀನ ಇಲ್ಲ."
ಎಲ್ಲರೂ ನಕ್ಕರು. ನಾನು ಬರೆದುಕೊಂಡೆ.

ಸಿಕ್ಕಿಬಿದ್ದದ್ದು ಸೀಮ್ಸ್ ಎಂಬಲ್ಲಿ.
ಹನ್ನೊಂದು ವರ್ಷದಿಂದ ನನಗೆ ಸೀಮ್ ಅಂದರೆ
ಒಳಗಾಲಿನ ಜೋಡು ಹೊಲಿಗೆ, ಕಿತ್ತಳೆ ದಾರ.
ಪುಸ್ತಕದವರಿಗೆ ಅದು ಕಾಣುತ್ತದೆ, ಹಾಗಿದೆ, ಇದ್ದಂತಿದೆ.
ಹಿ ಸೀಮ್ಸ್ ಟು ವರ್ಕ್: ದುಡಿಯುವವನಂತೆ ಕಾಣುತ್ತಾನೆ.
ಹಿ ಸೀಮ್ಸ್ ಟು ಹ್ಯಾವ್ ವರ್ಕ್ಡ್: ದುಡಿದು ಬಂದವನಂತೆ.
ಯಾವುದನ್ನು ಎಲ್ಲಿಗೆ ಹೊಲಿಯಲಿ?

ಹುಲಿಗೆಮ್ಮನಿಗೆ ಕರೆಂಟಿನ ಹಂಗಿಲ್ಲ.
ಮೂಲೆಯಲ್ಲಿ, ಮೂಗಿಗೆ ಸೆರಗು ಕಟ್ಟಿ,
ಹೊಸ ಪ್ಯಾಂಟಿನ ಮೊಣಕಾಲನ್ನು ಉಪ್ಪುಕಾಗದದಲ್ಲಿ ತಿಕ್ಕುತ್ತಾಳೆ
ನೀಲಿ ಸೋತು ಬಿಳುಪು ಬರುವ ತನಕ.
"ಏನವ್ವಾ, ಅಷ್ಟು ತಲಿ ಕೆಡಿಸ್ಕೆಂಡೀ?"
ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡಳು.
"ಇದನ್ನ ಯಾರೂ ಹಾಕ್ಕೆಂಡಿಲ್ಲ.
ಇದರಾಗ ಯಾರೂ ಮಣಕಾಲೂರಿಲ್ಲ.
ಆದ್ರೂ ಊರಿದ್ಹಂಗ ಕಾಣಬೇಕು.
ಅದಕ್ಕ ನನಗ ಒಂದಕ್ಕ ಎರಡು ರೂಪಾಯಿ."

ಹ್ಯಾವ್ ಬಂದು ತನ್ನ ಜಾಗದಲ್ಲಿ ಕೂತಿತು,
ಹೊರಟ ಬಸ್ಸನ್ನು ಓಡಿ ಹತ್ತಿದ ಹೆಂಗಸಿನಂತೆ.

ಆಮೇಲೆ ಅವಳ ಬೆರಳು ಕಂಡವು.
ತುದಿಯಲ್ಲಿ ಒಂದೂ ಗೆರೆಯಿಲ್ಲ, ನುಣ್ಣಗೆ, ಹುಣಸೆಬೀಜ.
ರೇಷನ್ ಅಂಗಡಿಯ ಯಂತ್ರ ಮೂರು ತಿಂಗಳಿಂದ
ಇವಳು ಇವಳಲ್ಲ ಅನ್ನುತ್ತಿದೆಯಂತೆ.
ದುಡಿದಂತೆ ಕಾಣುತ್ತಾಳೆ ಅಂತ ಬರೆಯಲೇ?
ಅಲ್ಲಿ ಸೀಮ್ಸ್ ಹಾಕಲು ಜಾಗವೇ ಇಲ್ಲ.

ಏಳನೆಯದು ಇನ್ನೂ ಖಾಲಿ.
ಐ ವುಡ್ ಲೈಕ್ ಟು ಸ್ಟಡಿ: ಓದಬೇಕು.
ಐ ವುಡ್ ಲೈಕ್ ಟು ಹ್ಯಾವ್ ಸ್ಟಡೀಡ್: ಓದಿದ್ದರೆ ಚೆನ್ನಿತ್ತು.
ವ್ಯಾಕರಣಕ್ಕೆ ಎರಡೂ ಸರಿ, ಅರ್ಥ ನೋಡಿ ಬರೀರಿ
ಎಂದಿದ್ದರು ಮಾಸ್ತರು. ಯಾರ ಅರ್ಥ, ಎಷ್ಟನೇ ವಯಸ್ಸಿನದು,
ಕೇಳುವಷ್ಟರಲ್ಲಿ ಗಂಟೆ ಹೊಡೆದಿತ್ತು.

ಮೂವತ್ತಾರು ನನಗೆ. ಚಿಕ್ಕದನ್ನೇ ಬರೆದೆ.
ಮಿಷನ್ನಿನ ಕೆಳಗೆ, ಕತ್ತಲಲ್ಲಿ,
ಕಾಲಿನಿಂದಲೇ ಚಪ್ಪಲಿ ಹುಡುಕಿದೆ.
ಪೆಡಲು ಸಿಕ್ಕಿತು.
ಕರೆಂಟು ಬಂತು.