ಹೊಳೆಯಾಚೆಯ ಆನೆ

ಪ್ಲಾಸ್ಟಿಕ್ ಕಾಲಾಳುಗಳು ಫ್ಯಾನಿನ ಗಾಳಿಗೆ ಬೀಳುತ್ತಿದ್ದವು.
ಅಷ್ಟೇ ಕಾರಣ. ದೊಡ್ಡ ಆಸೆಯೇನೂ ಇರಲಿಲ್ಲ.
ಕಾಸರಗೋಡಿನ ರಿಜಿಸ್ಟ್ರಾರ್ ಕಚೇರಿಯ ಎದುರು, ಮಹಡಿಯಲ್ಲಿ,
ಆಧಾರ ಬರೆಯುವ ನಾನು, ವಕೀಲ ಸಂಕಪ್ಪ ರೈ,
ಮೊಬೈಲ್ ರಿಪೇರಿಯ ಹುಡುಗ ನೌಫಲ್,
ಐದೂವರೆಯ ಮೇಲೆ ಆಡುವ ಆಟಕ್ಕೆ
ತೂಕವಿರುವ ಒಂದು ಸೆಟ್ಟು ಬೇಕಿತ್ತು, ಮರದ್ದು.

ಪೇಟೆಯಲ್ಲಿ ಗಾಜಿನ ಕಪಾಟಿನಿಂದ ಒಂದು ತೆಗೆದು ತೋರಿಸಿದರು.
ಉಗುರಿನಿಂದ ಕೆರೆದೆ:
ವಾರ್ನಿಶ್ ಮುಗಿದಲ್ಲಿ ಮರ ಶುರುವಾಗಲಿಲ್ಲ.
ವಿದ್ಯಾನಗರದ ಮಿಲ್ಲಿನಲ್ಲಿ ಕಂಪ್ಯೂಟರು ಬಾಗಿಲು ಕೊರೆಯುತ್ತದೆ,
ಐನೂರು ಪೀಸಾದರೆ ನೋಡುವ, ಎಂದರು.
ಮಧೂರು ದಾರಿಯ ಪದ್ಮಯ್ಯ ಆಚಾರ್ಯರ
ಕೈಯಲ್ಲಿ ಇನ್ನೂ ಕೆಲಸವಿತ್ತು, ಕಣ್ಣಲ್ಲಿ ಪೊರೆ.
ಉಳಿಗಳಿಗೆ ಎಣ್ಣೆ ಹಚ್ಚಿ ಮಲಗಿಸಿದ್ದರು.
ಹೊಳೆ ದಾಟಿ ಹೋಗಿ, ಎಂದರು,
ತೊಟ್ಟಿಲ ಕಾಲು ಕಡೆಯುವವನೊಬ್ಬನಿದ್ದಾನೆ,
ಬೋರ್ಡಿಲ್ಲ, ಅಂಗಡಿಗೆ ಕೊಡುವವನಲ್ಲ,
ಲೇತಿನ ಸದ್ದು ಹಿಡಿದು ಹೋಗಿ.

ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬದಿಂದ ಒಳಗೆ,
ಸದ್ದು ಹಿಡಿದು ಹೋದರೆ ಅದು ಹಿಟ್ಟಿನ ಗಿರಣಿ.
ಅದರ ಹಿಂದೆ ಅಂಬಾಡಿ ಆಚಾರಿ.

ಎಷ್ಟು ಎತ್ತರ ಎಂದು ಅವನು ಕೇಳಲಿಲ್ಲ.
ಸಿಟ್ಟು ಬಂದರೆ ಕುಟ್ಟುತ್ತೀರಾ? ಎಂದ.
ಸಂಕಪ್ಪ ರೈ ಕುಟ್ಟುತ್ತಾರೆ, ಎಂದೆ.
ಹಾಗಾದರೆ ಬುಡಕ್ಕೆ ಸೀಸ ಬೇಕು, ಎಂದು
ಹರಿದ ಬೀಸುಬಲೆಯ ಗುಂಡುಗಳನ್ನು ಅಂಗೈಯಲ್ಲಿ ಆಡಿಸಿದ.
ಬಿಳಿಗೆ ಹಾಲೆ ಮರ. ಕಪ್ಪಿಗೆ ಮುರಿದ ಮಂಚದ ಬೀಟೆಯ ಕಾಲು,
ಯಾರ ಮಂಚ ಎಂದು ನಾನು ಕೇಳಲಿಲ್ಲ.
ಕುದುರೆಗೆ ಬೇರೆ ರೇಟು. ಉಳಿದದ್ದನ್ನು ಲೇತು ಮಾಡುತ್ತದೆ,
ಕುದುರೆಯನ್ನು ನಾನೇ ಮಾಡಬೇಕು,
ಒಂದರ ಮುಖ ಇನ್ನೊಂದಕ್ಕೆ ಬರುವುದಿಲ್ಲ, ಒಪ್ಪಿಗೆಯಾ?
ಐವತ್ತು ಸೆಟ್ಟು ಕೇಳಿದ ಕೊಚ್ಚಿಯ ಸೇಟು
ಇದೇ ಮಾತಿಗೆ ಎದ್ದು ಹೋದನಂತೆ.

ಪಟ್ಟಿ ಬರೆದುಕೊಟ್ಟೆ, ಮಲಯಾಳದಲ್ಲೇ.
ಮೂವತ್ತು ವರ್ಷ ಚಕ್ಕುಬಂದಿ ಬರೆದ ಕೈ, ತಪ್ಪಿಗೆ ಎಡೆಯಿಲ್ಲ:
ರಾಜ ಎರಡು, ಮಂತ್ರಿ ಎರಡು, ಆನೆ ನಾಲ್ಕು,
ಕುದುರೆ, ಒಂಟೆ ನಾಲ್ಕು ನಾಲ್ಕು, ಕಾಲಾಳು ಹದಿನಾರು.
ಒಂದು ಕಡೆ ಅವನ ಬೆರಳು ನಿಂತಿತು.
ಒಟ್ಟಗಂ?
ಹೌದು, ಒಟ್ಟಗಂ.
ಓದಿದ ಗಿರಾಕಿ ಎಂದುಕೊಂಡಿರಬೇಕು. ಪಟ್ಟಿಯನ್ನು ಮೊಳೆಗೆ ಚುಚ್ಚಿದ.

ಮೂರು ತಿಂಗಳು. ನಡುವೆ ಅವನಿಗೆ ಜ್ವರ, ಒಂದು ವಾರ ಕರೆಂಟಿಲ್ಲ.
ಕೊನೆಗೆ ಬಾಳೆನಾರಿನಲ್ಲಿ ಕಟ್ಟಿದ ಬಿಸ್ಕತ್ತಿನ ಡಬ್ಬಿ.
ತಳಕ್ಕೆಲ್ಲ ಸಂಕಪ್ಪ ರೈಗಳ ಹಳೆ ಕರಿ ಕೋಟಿನ ತುಂಡು.
ಕುದುರೆಗಳು ಬೆಂಕಿಪೊಟ್ಟಣದ ಚಿತ್ರ ನೋಡಿ ಕೆತ್ತಿದ್ದು,
ಒಂದು ನಗುತ್ತಿತ್ತು, ಒಂದಕ್ಕೆ ಹಲ್ಲುನೋವು.
ಕಾಲಾಳನ್ನು ಎತ್ತಿದೆ. ಬೆರಳಿಗೆ ಅದರ ಭಾರ ತಿಳಿಯಿತು,
ಸುಮ್ಮನೆ ಇಟ್ಟುಬಿಡಲು ಮನಸ್ಸು ಬಾರದ ಭಾರ.

ಆಮೇಲೆ ಆನೆ. ತಲೆಯಲ್ಲಿ ಓರೆಯಾಗಿ ಒಂದು ಸೀಳು.
ಅದರ ಪಕ್ಕ, ದೇವರೇ, ನಾಲ್ಕು ನಿಜವಾದ ಒಂಟೆಗಳು:
ಡುಬ್ಬ, ಉದ್ದ ಕತ್ತು, ಜೋತ ತುಟಿ.
ಮೂಲೆಯಲ್ಲಿ ನಿಲ್ಲಬೇಕಾದವರು ಡಬ್ಬಿಯಲ್ಲೇ ಇಲ್ಲ.

ಬೈಯಲೆಂದು ಬಾಯಿ ತೆರೆದೆ.
ಅವನು ಆನೆಯನ್ನು ಹಲಗೆಯ ಮೇಲಿಟ್ಟು
ಓರೆಯಾಗಿ ನೂಕಿದ, ತುದಿಯವರೆಗೆ.
ಆನ ಹೀಗೆ. ಮೂಲೆಯದ್ದು ತೇರು.
ನೀವು ತೇರು ಬರೆದೇ ಇಲ್ಲ.
ನಮ್ಮ ಆನೆ ನೇರ ಹೋಗುತ್ತದೆ, ಎಂದೆ, ಓರೆ ಹೋಗುವುದು ಒಂಟೆ.
ಅವನು ನಗಲು ಶುರುಮಾಡಿದ. ಹೆಂಡತಿ ಕೇಳಿ ನಕ್ಕಳು.
ಗಿರಣಿಯವನು ಹಿಟ್ಟುಮುಖದಲ್ಲೇ ಬಂದು, ವಿಷಯ ತಿಳಿದು, ಕೂತು ನಕ್ಕ.
ನಡುವೆ ಇರುವುದು ಒಂದು ಸೇತುವೆಯಷ್ಟು ನೀರು.
ಎಷ್ಟು ಆಧಾರಗಳಲ್ಲಿ 'ದಕ್ಷಿಣಕ್ಕೆ ಹೊಳೆ' ಎಂದು ಬರೆದಿದ್ದೇನೆ,
ಇದನ್ನು ಬರೆದಿರಲಿಲ್ಲ.

ತೇರು ನಾಲ್ಕು ಕಡೆದುಕೊಟ್ಟ. ದುಡ್ಡು ಬೇಡವೆಂದ, ಕೊಟ್ಟೆ.
ರೈಗಳು ಅದನ್ನು ಆನೆ ಎನ್ನುತ್ತಾರೆ, ನೌಫಲ್ ತೇರು ಎನ್ನುತ್ತಾನೆ,
ಹೊಡೆಸಿಕೊಂಡಾಗ ಇಬ್ಬರೂ ಒಂದೇ ಬೈಗುಳ.
ಕುಟ್ಟಿದರೂ ಬೀಳುವುದಿಲ್ಲ.

ಒಂಟೆಗಳು ನನ್ನ ಮೇಜಿನ ಮೇಲಿವೆ,
ಫ್ಯಾನು ತಿರುಗುವಾಗ ಸರ್ವೆ ನಕ್ಷೆಯ ಮೂಲೆಗೊಂದು.
ಎಲ್ಲಿ ಸಿಗುತ್ತದೆ ಇಂಥದ್ದು? ನಿನ್ನೆ ಕಕ್ಷಿದಾರರೊಬ್ಬರು ಕೇಳಿದರು.
ಹೊಳೆ ದಾಟಿ, ಗಿರಣಿಯ ಹಿಂದೆ, ಎಂದೆ.
ಹೆಸರು ಹೇಳಿ ಕೇಳಬೇಡಿ,
ನಡೆಸಿ ತೋರಿಸಿ.