ಕಾಲು, ಕಾಳು

ಅನ್ನೆಲೀಸ್ ಅಂತ ಆಕಿ ಹೆಸರು.
ಗುಳೇದಗುಡ್ಡದ ಬಾಯಾಗ ಅನ್ನವ್ವ ಆದಳು.
ಮಿಶನ್ ದವಾಖಾನಿಯಿಂದ ಸೈಕಲ್ ಮ್ಯಾಲೆ ಬಂದು
ಕುಣಿಮಗ್ಗದ ಅಂಚಿಗೆ ಕುಂತು ಕೇಳತಿದ್ದಳು:
"ಕಾಳು ನೋಯ್ತದ ಏನ್ರಿ?"

ಕಾಳು ಡಬ್ಬ್ಯಾಗ ಅದಾವ್ರಿ ಬಾಯಿ, ಅಂತಿದ್ದ ನಮ್ಮಪ್ಪ,
ನೋಯೂದು ಕಾಲು.
ಆಕಿನೂ ನಗತಿದ್ದಳು. ಮೊಣಕಾಲಿಗೆ ಮುಲಾಮು ತಿಕ್ಕತಿದ್ದಳು.
ಯೇಸುವಿನ ಮಾತು ತಗದರ
ಅಪ್ಪ ಎದಿಮ್ಯಾಲಿನ ಲಿಂಗ ಮುಟಿಗೊಂಡು ಲಾಳಿ ಒಗೀತಿದ್ದ,
ಆಕಿ ಸುಮ್ಮನಾಗಿ ಕಂಡಿಕಿ ಸುತ್ತತಿದ್ದಳು.

ಎರಡು ವರ್ಷಕ್ಕಂತ ಬಂದಾಕಿ
ಮೂರನೇ ಬ್ಯಾಸಗಿಗೆ ವಿಷಮಜ್ವರ ಹಿಡಿದು
ನಮ್ಮ ಪಡಸಾಲ್ಯಾಗ ಮಲಗಿದಳು. ಹನ್ನೊಂದು ದಿನ.
ಅವ್ವ ನುಚ್ಚಿನ ಗಂಜಿ ಕುಡಿಸಿದಳು,
ಹಣಿಮ್ಯಾಲೆ ಖಣದ ತುಂಡು ಹಸಿ ಮಾಡಿ ಹಾಕಿದಳು.
ಬಣ್ಣ ಬಿಟ್ಟು ಹಣಿ ಕೆಂಪಾತು,
ಇಬ್ಬರೂ ಒರಸಲಿಲ್ಲ.
"ನಾನು ಸೇವಾ ಮಾಡಾಕ ಬಂದಾಕಿ," ಅಂತ ಅತ್ತಳು.
"ಬಾಯಿ ತೆರಿ," ಅಂದಳು ಅವ್ವ.

ಹೋಗೂ ದಿನ ಬಾಗಲಕೋಟಿ ಬಸ್ಸಿನ ಕಿಟಕ್ಯಾಗಿಂದ
ನನಗ ಒದರಿ ಹೇಳಿದಳು, ಅಪ್ಪಂದು ಜ್ವಾಪಾನ ಅಂತ.
ಕಾಲು ಅಂದಳೋ, ಕಾಳು ಅಂದಳೋ,
ಇಂಜಿನ್ ಸದ್ದಿನಾಗ ಕೇಳಲಿಲ್ಲ.

ಡಬ್ಬಿ ಬರಿದಾಗದಂಗ ನೋಡಿಕೊಂಡೇನಿ.
ರಾತ್ರಿ ಮುಲಾಮೂ ತಿಕ್ಕತೀನಿ.